ಗೌರಿಗೆ ವಯಸ್ಸೆಷ್ಟು? ಕುದುರೆಗೆ ಮುಪ್ಪು ಬಂತೆಂದು ತೀರ್ಮಾನಿಸಲು ಹಿಡಿದ ನಾಲ್ಕು ತಿಂಗಳು

"ವಯಸ್ಸಾಯ್ತು ಬಿಡಿ ಸಾರ್, ಇನ್ನೇನು." ಫೆಬ್ರವರಿಯಲ್ಲಿ ಗೌರಿಯನ್ನು ನೋಡಿದವರೆಲ್ಲ ಹೇಳಿದ್ದು ಇದೊಂದೇ ಮಾತು. ಮೈಸೂರಿನ ಹೊರವಲಯದ ನಮ್ಮ ಪುಟ್ಟ ಸವಾರಿ ಶಾಲೆಯಲ್ಲಿ ಐದು ಕುದುರೆಗಳಿವೆ. ಮಕ್ಕಳಿಗೆ ಮೊದಲ ಪಾಠ ಕಲಿಸುವವಳು ಗೌರಿ. ಲಾಯದ ರಿಜಿಸ್ಟರಿನಲ್ಲಿ ಅವಳ ವಯಸ್ಸು 15. ಪಕ್ಕೆಲುಬು ದೂರದಿಂದಲೇ ಕಾಣುತ್ತಿತ್ತು, ಬಲಕ್ಕೆ ತಿರುಗುವಾಗ ಹಿಂಗಾಲು ಎಳೆಯುತ್ತಿದ್ದಳು, ಬೆಳಗ್ಗೆ ಹೊರಗೆ ಬರುವಾಗ ಮೊದಲ ಹತ್ತು ಹೆಜ್ಜೆ ಬಿಗಿಯಾಗಿರುತ್ತಿತ್ತು.

ಅವಳನ್ನು ಹಳೆಯ ಕುದುರೆ ಎಂದು ಬರೆದುಕೊಂಡು ಕೆಲಸ ನಿಲ್ಲಿಸುವುದೋ, ಚಿಕಿತ್ಸೆ ಮಾಡಿಸುವುದೋ ಎಂಬುದು ಪ್ರಶ್ನೆ. ಉತ್ತರ ಸಿಗಲು ಜೂನ್ ಬಂತು. ಇದೇ ಗೊಂದಲದಲ್ಲಿರುವವರಿಗೆ ನಾವು ಹಾದುಬಂದ ದಾರಿಯನ್ನು, ಕಾದ ದಿನ ಮತ್ತು ಖರ್ಚಿನ ಸಮೇತ, ಇಲ್ಲಿ ಬರೆದಿಟ್ಟಿದ್ದೇವೆ.

ಇದು ಬರೀ ಮನಸ್ಸಿಗೆ ಸಂಬಂಧಿಸಿದ ವಿಷಯ ಅಂದುಕೊಳ್ಳಬೇಡಿ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನಲ್ಲಿ, ವಯಸ್ಸು, ರೋಗ, ಗಾಯ ಅಥವಾ ದೌರ್ಬಲ್ಯದಿಂದ ಕೆಲಸಕ್ಕೆ ಆಗದ ಪ್ರಾಣಿಯಿಂದ ದುಡಿಸಿಕೊಳ್ಳುವುದು ಅಪರಾಧ ಎಂದಿದೆ. ಕಾನೂನೇ ವಯಸ್ಸನ್ನು ಹೆಸರಿಸಿದೆ. ಆದರೆ ಎಷ್ಟು ವರ್ಷ ಎಂದು ಹೇಳಿಲ್ಲ. ಹೇಳುವುದಕ್ಕೆ ಆಗುವುದೂ ಇಲ್ಲ. ರೇಸಿನ ಲಾಯದಲ್ಲಿ ಏಳು ವರ್ಷದ್ದು ಹಳೆಯ ಕುದುರೆ. ಮಕ್ಕಳ ಸವಾರಿಗೆ ಅದೇ ಏಳು ವರ್ಷದ್ದು ಇನ್ನೂ ಹುಡುಗಾಟದ್ದು. ಪಶುವೈದ್ಯರು ಸಾಮಾನ್ಯವಾಗಿ 15 ದಾಟಿದ್ದನ್ನು ಹಿರಿಯ ಕುದುರೆ ಎಂದು ನೋಡಲು ಶುರುಮಾಡುತ್ತಾರೆ, 20 ದಾಟಿದ್ದನ್ನು ಮುದಿ ಎನ್ನುತ್ತಾರೆ. ಚೆನ್ನಾಗಿ ಸಾಕಿದರೆ 25–30 ವರ್ಷ ಬದುಕುವ ಕುದುರೆಗಳು ಬೇಕಾದಷ್ಟಿವೆ. ಇಂಗ್ಲೆಂಡಿನಲ್ಲಿ ದೋಣಿ ಎಳೆಯುತ್ತಿದ್ದ ಓಲ್ಡ್ ಬಿಲ್ಲಿ 1760ರಲ್ಲಿ ಹುಟ್ಟಿ 1822ರಲ್ಲಿ, 62ನೇ ವಯಸ್ಸಿನಲ್ಲಿ ಸತ್ತಿತು.

ಮೊದಲ ಕೆಲಸ ಕಾಗದದ್ದು. ಕುದುರೆ ರೇಸಿನ ತಳಿಯಾದ ಥರೋಬ್ರೆಡ್ ಆಗಿದ್ದರೆ ಸುಲಭ. ಪಾಸ್‌ಪೋರ್ಟ್ ಇರುತ್ತದೆ, ಕತ್ತಿನಲ್ಲಿ ಮೈಕ್ರೋಚಿಪ್ ಇರುತ್ತದೆ, ಎರಡರ ಸಂಖ್ಯೆಯೂ ತಾಳೆಯಾದರೆ ಹುಟ್ಟಿದ ದಿನ ಸಿಕ್ಕಿತು. ಒಂದು ಮಾತು ನೆನಪಿರಲಿ: ರೇಸಿನ ಲೆಕ್ಕದಲ್ಲಿ ಎಲ್ಲ ಕುದುರೆಗೂ ಜನವರಿ 1ರಂದೇ ಒಂದು ವರ್ಷ ಕೂಡುತ್ತದೆ. ಏಪ್ರಿಲ್‌ನಲ್ಲಿ ಹುಟ್ಟಿದ ಮರಿ ಒಂಬತ್ತು ತಿಂಗಳಿಗೇ ಒಂದು ವರ್ಷದ್ದಾಗಿಬಿಡುತ್ತದೆ. ಹಾಗಾಗಿ ಬರಿಯ ವಯಸ್ಸು ಕೇಳಬೇಡಿ, ತಾರೀಖು ನೋಡಿ.

ಗೌರಿಗೆ ಇದ್ಯಾವುದೂ ಇಲ್ಲ. ಜಟಕಾ ಕುದುರೆಗಳಂತೆ, ಮದುವೆ ಮೆರವಣಿಗೆಯ ಕುದುರೆಗಳಂತೆ ಅವಳೂ ಕೈಯಿಂದ ಕೈಗೆ ದಾಟಿ ಬಂದವಳು. 2019ರ ರಸೀದಿಯಲ್ಲಿ "ಕಂದು ಹೆಣ್ಣುಕುದುರೆ, 9 ವರ್ಷ" ಎಂದು ಬರೆದಿದೆ. ಬರೆದವರು ಮಾರಿದವರು. ಅದಕ್ಕೆ ಆರು ಕೂಡಿಸಿ ರಿಜಿಸ್ಟರಿನಲ್ಲಿ 15 ಎಂದು ಬರೆದಿದ್ದೆವು, ಅಷ್ಟೇ. ಕೊಳ್ಳುವಾಗ ತುಟಿ ಎತ್ತಿ ಹಲ್ಲಿನ ಫೋಟೋ ತೆಗೆದಿಟ್ಟುಕೊಂಡಿದ್ದರೆ ಈಗ ಹೋಲಿಸಿ ನೋಡಬಹುದಿತ್ತು. ಕುದುರೆ ಕೊಳ್ಳಲು ಹೊರಟವರು ಇದನ್ನು ತಪ್ಪದೇ ಮಾಡಿ: ಎದುರಿನಿಂದ ಒಂದು, ಎಡ ಬಲ ಒಂದೊಂದು, ಬಾಯಿ ತೆರೆಸಿ ಕೆಳಸಾಲಿನ ಮೇಲ್ಮೈಯದು ಒಂದು.

ಹಲ್ಲು ನೋಡಲು ಡಾಕ್ಟರು ಬರುವವರೆಗೆ 19 ದಿನ ಕಾದೆವು. ಹತ್ತಿರದಲ್ಲಿ ದನ, ನಾಯಿ ನೋಡುವ ಡಾಕ್ಟರುಗಳಿದ್ದಾರೆ. ಕುದುರೆಯ ಬಾಯಿ ಅಗಲಿಸಿ ಹಿಡಿಯುವ ಸ್ಪೆಕ್ಯುಲಮ್, ಉದ್ದ ಹಿಡಿಯ ಅರ, ಅದನ್ನು ಬಳಸುವ ಅಭ್ಯಾಸ ಮೂರೂ ಇರುವವರು ಬೆಂಗಳೂರಿನಿಂದ ಬರಬೇಕಾಯಿತು. ಇನ್ನೆರಡು ಲಾಯದವರನ್ನು ಕೂಡಿಸಿಕೊಂಡಿದ್ದರಿಂದ ಪ್ರಯಾಣದ ಖರ್ಚು ಹಂಚಿಹೋಯಿತು.

ಆ 19 ದಿನ ಸುಮ್ಮನೆ ಕೂರಲಿಲ್ಲ. ಕಡಿಮೆ ಖರ್ಚಿನದನ್ನು ಮೊದಲು ಮುಗಿಸಿದೆವು. ಬೆಳಗಿನ ತಾಜಾ ಲದ್ದಿಯನ್ನು ಕೈಗವಸಿನಲ್ಲೇ ಗಂಟು ಹಾಕಿ, ತಂಪಾಗಿಟ್ಟು, ಪಶು ಆಸ್ಪತ್ರೆಗೆ ಒಯ್ದು ಜಂತುವಿನ ಮೊಟ್ಟೆ ಎಣಿಸಿದೆವು. ಗ್ರಾಂಗೆ 150 ಬಂತು. 200ರ ಒಳಗಿದ್ದರೆ ಸಾಮಾನ್ಯವಾಗಿ ಔಷಧಿ ಕೊಡುವುದಿಲ್ಲ. ಬಡಕಲಾದ ತಕ್ಷಣ ಜಂತಿನ ಔಷಧಿ ಕುಡಿಸುವುದು ನಮ್ಮಲ್ಲಿ ರೂಢಿ. ಎಣಿಸದೆ ಪದೇ ಪದೇ ಕುಡಿಸಿದರೆ ಜಂತು ಆ ಔಷಧಿಗೆ ಒಗ್ಗಿಹೋಗುತ್ತದೆ.

ತೂಕವನ್ನೂ ಆಗಲೇ ಅಳೆದೆವು. ಲಾರಿ ತೂಗುವ ವೇಬ್ರಿಡ್ಜ್ ಹತ್ತು ಕಿಲೋ ಲೆಕ್ಕದಲ್ಲಿ ಏರಿಳಿಯುತ್ತದೆ, ಈ ಕೆಲಸಕ್ಕೆ ಬಾರದು. ಟೇಪು ಸಾಕು. ಮುಂಗಾಲಿನ ಮೊಣಕೈ ಹಿಂದೆ ಎದೆಯ ಸುತ್ತಳತೆ ತೆಗೆದುಕೊಳ್ಳಿ, ಭುಜದ ಮೂಳೆಯ ತುದಿಯಿಂದ ಪೃಷ್ಠದ ಮೂಳೆಯ ತುದಿಯವರೆಗೆ ಉದ್ದ ತೆಗೆದುಕೊಳ್ಳಿ, ಎರಡೂ ಸೆಂಟಿಮೀಟರಿನಲ್ಲಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿದರೆ ಕಿಲೋ ಸಿಗುತ್ತದೆ. ಗೌರಿಯ ಸುತ್ತಳತೆ 172, ಉದ್ದ 150. ಅಂದರೆ ಸುಮಾರು 374 ಕಿಲೋ. ದರ್ಜಿಯ ಟೇಪು 150 ಸೆಂಟಿಮೀಟರಿಗೇ ಮುಗಿಯುತ್ತದೆ, ಎರಡು ಟೇಪು ಜೋಡಿಸಿದರೆ ತಪ್ಪಾಗುತ್ತದೆ. ಹಿಗ್ಗದ ದಾರ ಸುತ್ತಿ ಗುರುತು ಮಾಡಿ ನೆಲದ ಮೇಲೆ ಅಳೆಯಿರಿ. ಹದಿನೈದು ದಿನಕ್ಕೊಮ್ಮೆ, ಬೆಳಗ್ಗೆ ಮೇವಿಗೆ ಮುಂಚೆ, ಒಬ್ಬರೇ ಅಳೆಯಬೇಕು. ಕೈ ಬದಲಾದರೆ ಬಿಗಿ ಬದಲಾಗುತ್ತದೆ.

ಗೋದಲಿಯ ಕೆಳಗೆ ಇನ್ನೊಂದು ಸಿಕ್ಕಿತು. ನಿಂಬೆಹಣ್ಣಿನ ಗಾತ್ರದ, ಜೊಲ್ಲಿನಲ್ಲಿ ತೊಯ್ದ ಹುಲ್ಲಿನ ಉಂಡೆಗಳು. ಬಿಡಿಸಿದರೆ ಎಳೆಗಳು ಒಂದೂ ಕತ್ತರಿಸಿರಲಿಲ್ಲ, ಬರೀ ಸುತ್ತಿಕೊಂಡಿದ್ದವು. ಲದ್ದಿಯಲ್ಲಿ ಬೇಯಿಸಿದ ಹುರುಳಿ ಇಡಿಯಾಗಿಯೇ ಬರುತ್ತಿತ್ತು. ತಿನ್ನುವ ಮನಸ್ಸಿದೆ, ಅಗಿಯುವುದಕ್ಕಾಗುತ್ತಿಲ್ಲ ಎಂದು ಅಲ್ಲೇ ಗೊತ್ತಾಗಬೇಕಿತ್ತು. ಕುದುರೆ ನೋಡಿಕೊಳ್ಳುವ ಆಳು (ಸಾಯಿಸ್) ದಿನಾ ಗುಡಿಸಿ ಎಸೆಯುತ್ತಿದ್ದ. ಅದನ್ನು ನೋಡಿ ಹೇಳಬೇಕು ಎಂದು ನಾವು ಅವನಿಗೆ ಯಾವತ್ತೂ ಹೇಳಿಕೊಟ್ಟಿರಲಿಲ್ಲ.

ಮಾರ್ಚ್ 2ರಂದು ಡಾಕ್ಟರು ಬಂದರು. ಮತ್ತಿನ ಮದ್ದು ಕೊಡುವ ಮುಂಚೆಯೇ ತುಟಿ ಎತ್ತಿ ವಯಸ್ಸು ನೋಡಿದರು.

ಕುದುರೆಗೆ ಮೇಲೆ ಆರು, ಕೆಳಗೆ ಆರು ಬಾಚಿಹಲ್ಲು. ಹಾಲುಹಲ್ಲು ಬಿದ್ದು ನಡುವಿನ ಜೋಡಿ ಎರಡೂವರೆ ವರ್ಷಕ್ಕೆ, ಪಕ್ಕದ್ದು ಮೂರೂವರೆಗೆ, ಮೂಲೆಯದು ನಾಲ್ಕೂವರೆಗೆ ಬರುತ್ತದೆ. ಐದಕ್ಕೆ ಕುದುರೆ ಬಾಯಿಗೂಡುತ್ತದೆ, ಅಂದರೆ ಶಾಶ್ವತ ಹಲ್ಲುಗಳ ಸಾಲು ಪೂರ್ತಿಯಾಗುತ್ತದೆ. ಅಲ್ಲಿಯವರೆಗೆ ವಯಸ್ಸು ಕೆಲವೇ ತಿಂಗಳ ಅಂತರದಲ್ಲಿ ಸಿಗುತ್ತದೆ. ಆಮೇಲೆ ನೋಡುವುದು ಸವೆತ. ಹಲ್ಲಿನ ಮೇಲ್ಮೈಯಲ್ಲಿರುವ ಕಪ್ಪು ಕುಳಿ ಕೆಳಸಾಲಿನ ನಡುಜೋಡಿಯಲ್ಲಿ ಆರಕ್ಕೆ, ಪಕ್ಕದ್ದರಲ್ಲಿ ಏಳಕ್ಕೆ, ಮೂಲೆಯದರಲ್ಲಿ ಎಂಟಕ್ಕೆ ಮಾಸುತ್ತದೆ. ಹತ್ತರ ನಂತರ ಲೆಕ್ಕ ಸಡಿಲವಾಗುತ್ತದೆ. ಆಗ ಉಳಿಯುವುದು ಹಲ್ಲಿನ ಆಕಾರ, ಓರೆ, ಮತ್ತು ಗ್ಯಾಲ್ವೇನ್ ಗೆರೆ.

ಈ ಗೆರೆಯನ್ನು ಎಲ್ಲರೂ ನೋಡಲು ಕಲಿಯಬಹುದು. ಮೇಲಿನ ಸಾಲಿನ ಮೂಲೆಯ ಬಾಚಿಹಲ್ಲನ್ನು ಪಕ್ಕದಿಂದ ನೋಡಿ. ಹತ್ತರ ಸುಮಾರಿಗೆ ವಸಡಿನ ಅಂಚಿನಲ್ಲಿ ಕಂದು ಬಣ್ಣದ ತಗ್ಗೊಂದು ಕಾಣಿಸಿಕೊಳ್ಳುತ್ತದೆ. ಹದಿನೈದಕ್ಕೆ ಹಲ್ಲಿನ ಅರ್ಧಕ್ಕೆ ಇಳಿದಿರುತ್ತದೆ, ಇಪ್ಪತ್ತಕ್ಕೆ ತುದಿ ಮುಟ್ಟುತ್ತದೆ. ಆಮೇಲೆ ವಸಡಿನ ಕಡೆಯಿಂದ ಮಾಸುತ್ತಾ ಬಂದು ಇಪ್ಪತ್ತೈದಕ್ಕೆ ಕೆಳಗಿನ ಅರ್ಧ ಮಾತ್ರ ಉಳಿಯುತ್ತದೆ, ಮೂವತ್ತಕ್ಕೆ ಅದೂ ಇರುವುದಿಲ್ಲ. ಗೌರಿಯ ಎಡಹಲ್ಲಿನಲ್ಲಿ ಗೆರೆ ಮುಕ್ಕಾಲು ಭಾಗ ಇಳಿದಿತ್ತು. ಬಲದ್ದರಲ್ಲಿ ಅದಕ್ಕಿಂತ ಸ್ವಲ್ಪ ಹೆಚ್ಚು. ಪಕ್ಕದಿಂದ ನೋಡಿದರೆ ಮೇಲಿನ ಕೆಳಗಿನ ಹಲ್ಲುಗಳು ನೆಟ್ಟಗೆ ಸೇರದೆ ಮುಂದಕ್ಕೆ ಚಾಚಿ ಕೂಡುತ್ತಿದ್ದವು, ಮೇಲ್ಮೈ ಮುಕ್ಕೋನವಾಗಿತ್ತು.

ಡಾಕ್ಟರು 16ರಿಂದ 20 ಎಂದು ಬರೆದರು. ಒಂದೇ ಸಂಖ್ಯೆ ಬರೆಯಿರಿ ಎಂದು ಕೇಳಿದ್ದಕ್ಕೆ ಒಪ್ಪಲಿಲ್ಲ. ಕೆಲವು ಕುದುರೆಗಳಿಗೆ ಈ ಗೆರೆಯೇ ಮೂಡುವುದಿಲ್ಲ. ಮರ ಕಚ್ಚುವ ಚಟವಿದ್ದರೆ, ಮರಳುನೆಲದಲ್ಲಿ ಮೇಯ್ದಿದ್ದರೆ ಹಲ್ಲು ಬೇಗ ಸವೆಯುತ್ತದೆ. ಮಾರುವವರು ಸವೆದ ಹಲ್ಲಿನಲ್ಲಿ ಕುಳಿ ಕೊರೆದು ಸುಟ್ಟು ಕಪ್ಪು ಮಾಡುವ ಮೋಸವೂ ಹಳೆಯದೇ. ಕುಳಿ ಕೊರೆಯಬಹುದು, ಅದರ ಸುತ್ತ ಇರಬೇಕಾದ ಬಿಳಿ ಎನಾಮೆಲ್ ಉಂಗುರವನ್ನು ಮಾಡಲಾಗದು, ಹಲ್ಲಿನ ಓರೆಯನ್ನೂ ತಿದ್ದಲಾಗದು. ಹತ್ತು ದಾಟಿದ ಕುದುರೆಗೆ ಯಾರಾದರೂ ಹಲ್ಲು ನೋಡಿ ಖಡಾಖಂಡಿತವಾಗಿ ಒಂದು ಸಂಖ್ಯೆ ಹೇಳಿದರೆ ನಂಬಬೇಡಿ.

ಅಂದರೆ ನಮ್ಮ 15 ತಪ್ಪು. ರಿಜಿಸ್ಟರು ನೋಡಿ ಇನ್ನೂ ಮೂರು ವರ್ಷ ಗಟ್ಟಿಯಾಗಿದ್ದಾಳೆ ಎಂದು ಲೆಕ್ಕ ಹಾಕಿದ್ದ ನಮಗೆ ಅವತ್ತು ಸಂಕಟವಾಯಿತು.

ನಂತರ ಮತ್ತಿನ ಮದ್ದು ಕೊಟ್ಟು, ಸ್ಪೆಕ್ಯುಲಮ್ ಹಾಕಿ, ಹಣೆದೀಪದ ಬೆಳಕಿನಲ್ಲಿ ದವಡೆಹಲ್ಲು ನೋಡಿದರು. ಕುದುರೆಯ ಮೇಲ್ದವಡೆ ಅಗಲ, ಕೆಳದವಡೆ ಕಿರಿದು. ಹಲ್ಲು ವರ್ಷಕ್ಕೆ ಎರಡು ಮೂರು ಮಿಲಿಮೀಟರ್ ಹೊರಬರುತ್ತಾ ಸವೆಯುತ್ತಲೇ ಇರುತ್ತದೆ. ಉಜ್ಜಿಕೊಳ್ಳದ ಅಂಚುಗಳು, ಅಂದರೆ ಮೇಲಿನವುಗಳ ಹೊರ ಅಂಚು ಮತ್ತು ಕೆಳಗಿನವುಗಳ ಒಳ ಅಂಚು, ಚೂಪಾಗಿ ನಿಲ್ಲುತ್ತವೆ. ಗೌರಿಯ ಕೆನ್ನೆಯೊಳಗೆ ಎರಡು ಹುಣ್ಣಾಗಿದ್ದವು, ಒಂದು ಹಲ್ಲು ಅಲುಗಾಡುತ್ತಿತ್ತು. ಚೂಪು ಅಂಚುಗಳನ್ನು ಅರದಿಂದ ತೇಯ್ದು, ಸಡಿಲ ಹಲ್ಲು ಕಿತ್ತರು. ಮುಕ್ಕಾಲು ಗಂಟೆ ಹಿಡಿಯಿತು. ಮುದಿ ಕುದುರೆಯ ಹಲ್ಲನ್ನು ಒಂದೇ ಸಲಕ್ಕೆ ಸಪಾಟು ಮಾಡಿಸಲು ಹೋಗಬೇಡಿ. ಒಳಗೆ ಉಳಿದಿರುವುದೇ ಕಡಿಮೆ, ಹೆಚ್ಚು ತೇಯ್ದರೆ ಅಗಿಯುವ ಮೇಲ್ಮೈ ಮತ್ತೆ ಬರುವುದಿಲ್ಲ. ಮದ್ದಿನ ಅಮಲು ಪೂರ್ತಿ ಇಳಿಯುವವರೆಗೆ, ಒಂದೆರಡು ಗಂಟೆ, ಮೇವು ಮುಂದಿಡಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ಮೇವು ಬದಲಾಯಿಸಿದೆವು. ಒಣಮೇವಿನ ಲೆಕ್ಕ ದೇಹತೂಕದ ನೂರಕ್ಕೆ ಒಂದೂವರೆಯಿಂದ ಎರಡು, ಅಂದರೆ ಗೌರಿಗೆ ಐದೂವರೆಯಿಂದ ಏಳೂವರೆ ಕಿಲೋ. ಅರ್ಧದಷ್ಟನ್ನು ಎರಡು ಸೆಂಟಿಮೀಟರಿಗೆ ಕತ್ತರಿಸಿದ ಒಣ ಕುದುರೆಮಸಾಲೆ (ಲೂಸರ್ನ್) ಸೊಪ್ಪಾಗಿ ನೆನೆಸಿ ಕೊಟ್ಟೆವು. ಹುರುಳಿಯನ್ನು ಬೇಯಿಸಿ, ಕಿವುಚಿ, ದಿನಕ್ಕೆ ಒಂದು ಕಿಲೋ, ಎರಡು ಹೊತ್ತು. ಎಣ್ಣೆ 25 ಮಿಲಿಯಿಂದ ಶುರುಮಾಡಿ ಎರಡು ವಾರದಲ್ಲಿ 150 ಮಿಲಿಗೆ, ಉಪ್ಪು 30 ಗ್ರಾಂ. ಬೂಸಾ ಮೆತ್ತಗಿರುತ್ತದೆಂದು ಬಕೆಟ್ಟುಗಟ್ಟಲೆ ಹಾಕುವವರಿದ್ದಾರೆ. ಅದರಲ್ಲಿ ರಂಜಕ ಹೆಚ್ಚು, ಸುಣ್ಣದಂಶ ಕಡಿಮೆ. ಬಹಳ ದಿನ ಅದನ್ನೇ ತಿನ್ನಿಸಿದರೆ ಮೂಳೆಯಿಂದ ಸುಣ್ಣದಂಶ ಸೋರಿ ಮುಖದ ಮೂಳೆ ಊದುತ್ತದೆ. ನಮ್ಮ ತಪ್ಪು ಬೇರೆ: ಬೆಳಗ್ಗೆ ನೆನೆಸಿದ್ದನ್ನೇ ಸಂಜೆಗೂ ಇಟ್ಟಿದ್ದೆವು. ಮಾರ್ಚ್ ಬಿಸಿಲಿಗೆ ಅದು ಹುಳಿಯಾಗಿ ಅವಳು ಮೂಸಿ ಮುಖ ತಿರುಗಿಸಿದಳು. ಪ್ರತಿ ಹೊತ್ತಿಗೂ ಹೊಸದಾಗಿ ನೆನೆಸಬೇಕು.

ಮುಪ್ಪಿನ ಹೆಸರಿನಲ್ಲಿ ಅಡಗಿಕೊಳ್ಳುವ ರೋಗವೊಂದಿದೆ. ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ ಕೆಟ್ಟು ಬರುವ ಪಿಪಿಐಡಿ, ಹಳಬರ ಬಾಯಲ್ಲಿ ಕುಶಿಂಗ್ಸ್. ಆಸ್ಟ್ರೇಲಿಯಾದ ಅಧ್ಯಯನವೊಂದರಲ್ಲಿ 15 ದಾಟಿದ ಕುದುರೆಗಳಲ್ಲಿ ಐದಕ್ಕೊಂದರಷ್ಟಕ್ಕೆ ಇದು ಇತ್ತು. ಕೂದಲು ಉದುರದೆ ಉದ್ದವಾಗುವುದು, ಬೆನ್ನಿನ ಮಾಂಸ ಕರಗುವುದು, ನೀರು ಹೆಚ್ಚು ಕುಡಿಯುವುದು, ಗೊರಸಿನ ಒಳಪದರ ಊದುವುದು ಇದರ ಗುರುತು. ನೋಡಿದವರು ವಯಸ್ಸಾಯ್ತು ಎಂದು ಸುಮ್ಮನಾಗುತ್ತಾರೆ. ಇದಕ್ಕೆ ಔಷಧಿ ಇದೆ.

ಆ ಗ್ರಂಥಿ ಸುರಿಸುವ ಎಸಿಟಿಎಚ್ ಎಂಬ ಹಾರ್ಮೋನಿನ ಪ್ರಮಾಣವನ್ನು ರಕ್ತದಲ್ಲಿ ನೋಡಬೇಕು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಇರುವ ಕೊಳವೆಯಲ್ಲಿ ರಕ್ತ ತೆಗೆದು ಕೂಡಲೇ ತಣ್ಣಗಿಡಬೇಕು, ಅದೇ ದಿನ ಅದರ ದ್ರವಭಾಗವಾದ ಪ್ಲಾಸ್ಮಾ ಬೇರ್ಪಡಿಸಬೇಕು. ಬಿಸಿಯಲ್ಲಿಟ್ಟರೆ ಹಾರ್ಮೋನು ಒಡೆದುಹೋಗಿ ಪ್ರಮಾಣ ಸುಳ್ಳೇ ಕಡಿಮೆ ತೋರಿಸುತ್ತದೆ. ನಮ್ಮ ಮೊದಲ ಸ್ಯಾಂಪಲ್ ಹೀಗೇ ಹಾಳಾಯಿತು. ಪ್ರಾಣಿಯ ರಕ್ತ ತೆಗೆದುಕೊಳ್ಳುವುದಿಲ್ಲ ಎಂದು ಒಂದು ಲ್ಯಾಬು ಎರಡು ಗಂಟೆ ಕಾಯಿಸಿ ವಾಪಸ್ ಕಳಿಸಿತು, ಅಷ್ಟರಲ್ಲಿ ಐಸ್ ಕರಗಿತ್ತು. ಎರಡನೇ ಸಲ ಡಾಕ್ಟರ ಪತ್ರ ಇಟ್ಟುಕೊಂಡು, ಮೊದಲೇ ಫೋನ್ ಮಾಡಿ ಒಪ್ಪಿಸಿ ಹೋದೆವು. ವರದಿಯ ಪಕ್ಕದಲ್ಲಿ ಮುದ್ರಿಸಿರುವ ಮಿತಿ ಮನುಷ್ಯರದು, ಅದನ್ನು ನೋಡಿ ಸಮಾಧಾನಪಡಬೇಡಿ, ಹೆದರಲೂ ಬೇಡಿ. ಕುದುರೆಯ ಮಿತಿ ಬೇರೆ, ಪರೀಕ್ಷೆಯ ವಿಧಾನ ಬದಲಾದರೆ ಅದೂ ಬದಲಾಗುತ್ತದೆ. ಉತ್ತರ ಗೋಳಾರ್ಧದಲ್ಲಿ ಜುಲೈ ಮಧ್ಯದಿಂದ ನವೆಂಬರ್ ಮಧ್ಯದವರೆಗೆ ಆರೋಗ್ಯವಂತ ಕುದುರೆಯಲ್ಲೂ ಪ್ರಮಾಣ ಏರಿರುತ್ತದೆ, ಹಾಗಾಗಿ ತಿಂಗಳು ನೋಡಿ ಓದಬೇಕು. ಗೌರಿಗೆ ಈ ರೋಗ ಇರಲಿಲ್ಲ. ಮೂತ್ರಪಿಂಡ, ಯಕೃತ್ತಿನ ಪರೀಕ್ಷೆಗಳೂ ಸರಿಯಾಗಿದ್ದವು.

ಉಳಿದದ್ದು ಕಾಲು. ಗಟ್ಟಿ ಸಮನೆಲದಲ್ಲಿ ಕೈಯಲ್ಲಿ ಹಿಡಿದು ನಡೆಸಿ, ಟ್ರಾಟ್ (ನಡಿಗೆಗಿಂತ ಚುರುಕಾದ ನಿಧಾನ ಓಟ) ಮಾಡಿಸಿ, ಹಿಂಗಾಲನ್ನು ಮಡಚಿ 60 ಸೆಕೆಂಡು ಹಿಡಿದು ಬಿಟ್ಟ ತಕ್ಷಣ ಮತ್ತೆ ಟ್ರಾಟ್ ಮಾಡಿಸಿ ನೋಡಿದರು. ಬಲಗಾಲಿನಲ್ಲಿ ಐದಾರು ಹೆಜ್ಜೆ ಸ್ಪಷ್ಟವಾಗಿ ಕುಂಟಿದಳು. ನಾಲ್ಕು ಎಕ್ಸ್‌ರೇಯಲ್ಲಿ ಹಿಂಗಾಲಿನ ನಡುವಿನ 'ಹಾಕ್' ಎಂಬ ಕೀಲಿನ ಕೆಳಭಾಗದಲ್ಲಿ ಮೂಳೆ ಮುಳ್ಳುಮುಳ್ಳಾಗಿ ಬೆಳೆದಿರುವುದು ಕಂಡಿತು. ಸಂಧಿವಾತ. ಬಿಗಿ ಎಷ್ಟು, ನೋವು ಎಷ್ಟು ಎಂದು ತಿಳಿಯಲು ಹತ್ತು ದಿನ ಮೆಲೋಕ್ಸಿಕಾಮ್ ಎಂಬ ನೋವಿನ ಔಷಧಿ ಕೊಟ್ಟು ನೋಡಿದೆವು, ಕಿಲೋಗೆ 0.6 ಮಿಲಿಗ್ರಾಂನಂತೆ. ನಡಿಗೆ ಸುಧಾರಿಸಿತು, ಪೂರ್ತಿ ಅಲ್ಲ. ನೋವಿನ ಔಷಧಿಯನ್ನು ಡಾಕ್ಟರನ್ನು ಕೇಳದೆ ಕೊಡಬೇಡಿ. ಮನುಷ್ಯರ ಡೈಕ್ಲೋಫೆನಾಕ್ ಅಂತೂ ಬೇಡವೇ ಬೇಡ. ಪ್ರಾಣಿಗಳಿಗೆ ಅದರ ಬಳಕೆ ನಮ್ಮ ದೇಶದಲ್ಲಿ 2006ರಿಂದ ನಿಷಿದ್ಧ, ಏಕೆಂದರೆ ಅದನ್ನು ತಿಂದ ಪ್ರಾಣಿಯ ಹೆಣ ಮುಟ್ಟಿದ ರಣಹದ್ದು ಬದುಕುವುದಿಲ್ಲ. ಕೀಟೋಪ್ರೊಫೆನ್, ಅಸೆಕ್ಲೋಫೆನಾಕ್ ಕೂಡ 2023ರಲ್ಲಿ ಆ ಪಟ್ಟಿಗೆ ಸೇರಿವೆ. ರಾಮನಗರದ ಬೆಟ್ಟದಲ್ಲಿ ಉಳಿದಿರುವ ಹದ್ದುಗಳನ್ನು ನೆನೆದಾದರೂ ಇದನ್ನು ಪಾಲಿಸಿ.

ಕೊನೆಯ ಪರೀಕ್ಷೆಯನ್ನು ನೀವೇ ಮಾಡಿಕೊಳ್ಳಬಹುದು, ನಮ್ಮ ತೀರ್ಮಾನಕ್ಕೆ ಹೆಚ್ಚು ನೆರವಾದದ್ದೂ ಅದೇ. ನಿಂತ ಕುದುರೆಯ ಎದೆಬಡಿತ ನಿಮಿಷಕ್ಕೆ 28ರಿಂದ 44. ಎಡ ಮೊಣಕೈ ಹಿಂದೆ ಸ್ಟೆತೊಸ್ಕೋಪ್ ಇಟ್ಟು 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿ. ಹತ್ತು ನಿಮಿಷ ಟ್ರಾಟ್ ಮಾಡಿಸಿ ನಿಲ್ಲಿಸಿ, ಹತ್ತು ನಿಮಿಷ ಬಿಟ್ಟು ಮತ್ತೆ ಎಣಿಸಿ. ದೂರದ ಎಂಡ್ಯೂರೆನ್ಸ್ ಸ್ಪರ್ಧೆಗಳಲ್ಲೇ ಬಡಿತ 64ಕ್ಕೆ ಇಳಿಯದ ಕುದುರೆಯನ್ನು ಮುಂದಕ್ಕೆ ಬಿಡುವುದಿಲ್ಲ. ಬರಿಯ ಹತ್ತು ನಿಮಿಷದ ಟ್ರಾಟಿಗೆ ಅದಕ್ಕಿಂತ ಬಹಳ ಕೆಳಗೇ ಇರಬೇಕು. ಗೌರಿಯದು ಬೆಳಗ್ಗೆ ಏಳಕ್ಕೆ 44ಕ್ಕೆ ಇಳಿಯುತ್ತಿತ್ತು. ಏಪ್ರಿಲ್‌ನ ಸಂಜೆ ನಾಲ್ಕಕ್ಕೆ ಅದೇ ಕೆಲಸಕ್ಕೆ 60ರಲ್ಲೇ ನಿಂತಿತ್ತು, ಮೂಗಿನ ಹೊಳ್ಳೆ ಅರಳಿಯೇ ಇತ್ತು. ವಯಸ್ಸಾದ ಕುದುರೆಯ ಮೈ ಬೇಗ ಕಾಯುತ್ತದೆ, ನಿಧಾನವಾಗಿ ಆರುತ್ತದೆ. ಆರು ವಾರ, ವಾರಕ್ಕೆರಡು ಸಲ ಬರೆದಿಟ್ಟ ಈ ಅಂಕಿಗಳನ್ನು ನೋಡಿದ ಮೇಲೆ ಸಂಜೆಯ ತರಗತಿಯ ಬಗ್ಗೆ ವಾದವೇ ಉಳಿಯಲಿಲ್ಲ.

ಏಪ್ರಿಲ್ ಕೊನೆಗೆ ಸುತ್ತಳತೆ 176 ಆಯಿತು, ತೂಕ 391. ಎಂಟು ವಾರದಲ್ಲಿ 17 ಕಿಲೋ. ಹುಲ್ಲಿನ ಉಂಡೆ ನಿಂತಿತು. ಮುಪ್ಪು ಎಂದುಕೊಂಡಿದ್ದರಲ್ಲಿ ದೊಡ್ಡ ಪಾಲು ಹಲ್ಲಿನದು, ಅದು ಸರಿಹೋಯಿತು. ಕೀಲು ಸರಿಹೋಗುವುದಿಲ್ಲ, ಬಿಸಿಲು ತಾಳುವ ಶಕ್ತಿಯೂ ಮರಳುವುದಿಲ್ಲ. ಆ ಉಳಿದ ಪಾಲನ್ನು ಮುಪ್ಪು ಎಂದು ಒಪ್ಪಿಕೊಂಡು, ಜೂನ್ ಮೊದಲ ವಾರ ಗೌರಿಯನ್ನು ಹಿರಿಯ ಕುದುರೆ ಎಂದು ಬರೆದೆವು.

ಬರೆದದ್ದು ಹೀಗೆ: ಹಾರಿಕೆ ಇಲ್ಲ, ಕ್ಯಾಂಟರ್ (ಟ್ರಾಟಿಗಿಂತ ವೇಗದ ಓಟ) ಇಲ್ಲ. ವಾರಕ್ಕೆ ಮೂರು ದಿನ, ಬೆಳಗ್ಗೆ ಮಾತ್ರ, 30 ನಿಮಿಷ, ಅದರಲ್ಲಿ ಮೊದಲ ಹತ್ತು ಬರೀ ನಡಿಗೆ. ಬೆನ್ನ ಮೇಲಿನ ಭಾರ ಜೀನು ಸೇರಿ ದೇಹತೂಕದ ನೂರಕ್ಕೆ 15 ಮೀರಬಾರದು. ಅಂದರೆ 58 ಕಿಲೋ, ಜೀನಿನ 9 ಕಳೆದರೆ ಸವಾರ 49ರ ಒಳಗೆ. ಹಲ್ಲು ಆರು ತಿಂಗಳಿಗೊಮ್ಮೆ, ರಕ್ತ ವರ್ಷಕ್ಕೊಮ್ಮೆ. ಪೂರ್ತಿ ಬಿಡುವು ಕೊಡಲಿಲ್ಲ, ಏಕೆಂದರೆ ಸಂಧಿವಾತದ ಕುದುರೆಯನ್ನು ದಿನವಿಡೀ ಲಾಯದಲ್ಲಿ ಕಟ್ಟಿಹಾಕಿದರೆ ಬಿಗಿ ಇನ್ನೂ ಹೆಚ್ಚುತ್ತದೆ.

ನಮಗೆ ಬಿದ್ದ ಖರ್ಚು: ಪ್ರಯಾಣದ ಪಾಲು 2,500, ಮತ್ತಿನ ಮದ್ದೂ ಸೇರಿ ಹಲ್ಲಿನ ಕೆಲಸ 6,000, ಹಾಳಾದದ್ದೂ ಸೇರಿ ರಕ್ತದ್ದು 3,200, ಎಕ್ಸ್‌ರೇ 6,000, ಔಷಧಿ 1,800. ಒಟ್ಟು 19,500 ರೂಪಾಯಿ. ಮೇವಿಗೆ ತಿಂಗಳಿಗೆ 3,000 ಹೆಚ್ಚಾಗಿದೆ, ಅದು ಅವಳಿರುವವರೆಗೂ ಇರುತ್ತದೆ.

ನಿಮ್ಮ ಪರೀಕ್ಷೆಗಳಲ್ಲಿ ಕೆಲಸ ಪೂರ್ತಿ ನಿಲ್ಲಿಸಿ ಬೇರೆ ಊರಿನ ತೋಟಕ್ಕೆ ಕಳಿಸುವ ತೀರ್ಮಾನ ಬಂದರೆ, ಲಾರಿ ಗೊತ್ತು ಮಾಡುವ ಮುಂಚೆ ಪಶುಸಂಗೋಪನೆ ಇಲಾಖೆಯ ಮೂಲಕ ಗ್ಲಾಂಡರ್ಸ್ ಪರೀಕ್ಷೆಗೆ ರಕ್ತ ಕೊಡಿ. ಅದು ಮನುಷ್ಯರಿಗೂ ಹರಡುವ ರೋಗ. ವರದಿಯ ಜೊತೆ ಪ್ರಯಾಣಕ್ಕೆ ಯೋಗ್ಯ ಎಂಬ ಪಶುವೈದ್ಯರ ಪ್ರಮಾಣಪತ್ರವೂ ಇರಲಿ. ಒಯ್ಯುವವರಿಂದ ಮಾರುವುದಿಲ್ಲ, ದುಡಿಸುವುದಿಲ್ಲ ಎಂದು ಬರೆಸಿಕೊಳ್ಳಿ, ವರ್ಷಕ್ಕೆ ಎರಡು ಸಲ ಹೋಗಿ ನೋಡಿ.

ಗೌರಿಯ ರಿಜಿಸ್ಟರಿನ ಪುಟದಲ್ಲಿ ವಯಸ್ಸಿನ ಎದುರು ಈಗ "16–20, ಹಲ್ಲಿನಿಂದ" ಎಂದಿದೆ. ಪಕ್ಕದಲ್ಲಿ ಎಡ ಮೂಲೆಹಲ್ಲಿನ ಫೋಟೋ ಅಂಟಿಸಿದ್ದೇವೆ, ಗೆರೆಯ ತುದಿಗೆ ಸ್ಕೇಲು ಹಿಡಿದು ತೆಗೆದದ್ದು. ಮುಂದಿನ ಫೋಟೋ ಹಲ್ಲು ತೇಯಿಸುವ ಸೆಪ್ಟೆಂಬರಿನಲ್ಲಿ.